ಹನ್ನೆರಡು ಹೊಸ ಕಂಪ್ಯೂಟರು, ಒಬ್ಬ ಗೇಟ್‌ಪಾಸ್ ಅಕ್ಕ

ಡಾಕ್ಟರ ಮುಂದೆ ನಿಜ ಹೇಳೋ ಜನ ಕೂಡ ಕಂಪ್ಯೂಟರ್ ರಿಪೇರಿಯವಳ ಮುಂದೆ ಸುಳ್ಳು ಹೇಳ್ತಾರೆ. "ನಾನೇನೂ ಮುಟ್ಟಿಲ್ಲ ಮೇಡಂ, ಅದೇ ಹಾಗಾಯ್ತು." ಇಪ್ಪತ್ತು ವರ್ಷದಿಂದ ಮುಂಬೈಯ ಆಫೀಸು ಆಫೀಸು ತಿರುಗಿ ಈ ಕೆಲಸ ಮಾಡ್ತಿದೀನಿ. ದಹಿಸರ್‌ನಲ್ಲಿ ಲೋಕಲ್ ಹತ್ತಿ ಅಂಧೇರಿಯಲ್ಲಿ ಇಳಿಯೋದರೊಳಗೆ ಮೂರು ಫೋನು ಬಂದಿರುತ್ತೆ, ಮೂರರದೂ ಒಂದೇ ರಾಗ. ಈ ಕೆಲಸದಲ್ಲಿ ನಗೋಕೆ ಏನೂ ಸಿಗದ ವಾರ ಅಂತ ಒಂದು ಬಂದಿದ್ದು ನನಗೆ ನೆನಪಿಲ್ಲ.

ಆದರೆ ಒಂದು ಆಫೀಸಿನ ಒಂದು ವಾರ ಮಾತ್ರ ಬೇರೆ. ಅಲ್ಲಿ ತಪ್ಪು ಮಾಡ್ತಿದ್ದದ್ದು ಕಂಪ್ಯೂಟರು, ಶಿಕ್ಷೆ ಆಗೋದರಲ್ಲಿದ್ದದ್ದು ಒಬ್ಬ ಹೆಂಗಸಿಗೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ತುಂಬ ಚೆನ್ನಾಗಿ ಕೆಲಸ ಮಾಡ್ತೀನಿ, ಬೇಕಾದರೆ ನಮ್ಮ ಮನೆಯವರನ್ನ ಕೇಳಿ.

೧. ಬಿಟ್ಟಿ ಬಂದ ಸಾಮಾನು

ಅಂಧೇರಿಯ ಒಂದು ಗಲ್ಲಿಯಲ್ಲಿ ಆ ಕಂಪನಿ. ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿ ಜಾರಿನ ಬ್ಲೇಡು, ಇಂಥದ್ದನ್ನ ದೇಶಕ್ಕೆಲ್ಲ ಕಳಿಸ್ತಾರೆ. ಮಾಲೀಕರು ಒಬ್ಬ ಸೇಠ್. ಅವರ ಅಕ್ಕನ ಮಗ ಅಲ್ಲಿ ಮ್ಯಾನೇಜರು, ಮೂವತ್ತು ವರ್ಷದವನು, ಮಾತೆಲ್ಲ ಇಂಗ್ಲಿಷು. ಹನ್ನೆರಡು ಹೊಸ ಕಂಪ್ಯೂಟರ್ ಆರಿಸಿ ತರಿಸಿದ್ದು ಅವನೇ. ಹೊಸದು ಬಂದು ಒಂದು ತಿಂಗಳಾಗಿತ್ತು, ಹಳೇದಕ್ಕಿಂತ ನಿಧಾನವಾಗಿತ್ತು. ಅದಕ್ಕೇ ನನ್ನನ್ನ ಕರೆಸಿದ್ದು.

ಒಂದನ್ನ ಆನ್ ಮಾಡಿ ಕೂತೆ. ಮೊದಲು ಕಂಪ್ಯೂಟರ್ ಕಂಪನಿಯವರು ಸ್ವಾಗತ ಹೇಳಿದರು. ಆಮೇಲೆ ಮೂವತ್ತು ದಿನದ ಬಿಟ್ಟಿ ಆಂಟಿವೈರಸ್ಸು ಸ್ವಾಗತ ಹೇಳಿತು. ಹವಾಮಾನ ಬಂತು, ಅಂಧೇರಿಯಲ್ಲಿ ಸೆಖೆ ಅಂತ ನನಗೇ ತಿಳಿಸಿತು. ಫೋಟೋಗೆ ಬಣ್ಣ ಹಚ್ಚೋದು ಒಂದು, ಇಸ್ಪೀಟು ಒಂದು, "ನಿಮ್ಮ ಸಹಾಯಕ" ಅಂತ ಹೇಳಿಕೊಂಡು ಎರಡು. ಈ ಮೆರವಣಿಗೆ ಎಲ್ಲ ಮುಗಿದು ಕೆಲಸಕ್ಕೆ ಕೈ ಹಚ್ಚೋದರೊಳಗೆ ನಾನು ಒಂದು ಕಟಿಂಗ್ ಚಾ ಕುಡಿದು ಮುಗಿಸಿದ್ದೆ.

"ಸೇಠ್‌ಜೀ, ಇದನ್ನೆಲ್ಲ ಪೂರ್ತಿ ಅಳಿಸಬೇಕು. ಬರೀ ವಿಂಡೋಸ್ ಒಂದನ್ನ ಹೊಸದಾಗಿ, ಶುದ್ಧವಾಗಿ ಹಾಕ್ತೀನಿ," ಅಂದೆ.

ಸೇಠ್ ಎದೆ ಹಿಡಿದುಕೊಂಡರು. "ಪೂರಾ ನಿಕಾಲ್ ದೋಗೀ? ಇಷ್ಟೆಲ್ಲ ಅವರು ಫ್ರೀ ಕೊಟ್ಟಿದ್ದಾರಲ್ಲ ಬೆಹೆನ್‌ಜೀ!"

"ಫ್ಲ್ಯಾಟು ತಗೊಂಡಿರಿ ಅನ್ನಿ. ಬಿಲ್ಡರು ತನ್ನ ಸಿಮೆಂಟು, ಮರಳು, ಏಣಿ ಎಲ್ಲ ನಿಮ್ಮ ಹಾಲಿನಲ್ಲೇ ಬಿಟ್ಟು ಹೋದ. ಇಟ್ಕೋತೀರಾ?"

ಸೇಠ್ ಯೋಚನೆ ಮಾಡಿದರು. ನಿಜವಾಗಿ ಯೋಚನೆ ಮಾಡಿದರು ಕಣ್ರೀ. ಆಮೇಲೆ ಕೇಳಿದರು: "ಏಣಿ ಎಷ್ಟು ಅಡಿದು?"

ಆಗಲೇ ಮ್ಯಾನೇಜರು ಬಾಯಿ ಹಾಕಿದ್ದು. "ಆಂಟಿ, ಮಷೀನ್ ಇಸ್ ಫೈನ್. ಪ್ರಾಬ್ಲಮ್ ಇರೋದು ಅಲ್ಲಿ," ಅಂತ ಮೂಲೆಯ ಟೇಬಲ್ಲಿನ ಕಡೆ ಗದ್ದ ಎತ್ತಿದ.

ಮೂಲೆಯಲ್ಲಿ ಕೂತಿದ್ದವರು ಗೇಟ್‌ಪಾಸ್ ಅಕ್ಕ. ಉಡುಪಿ ಕಡೆಯವರು, ಮನೆ ಕುರ್ಲಾದ ಒಂದು ಚಾಳಿನಲ್ಲಿ, ಇದೇ ಆಫೀಸಿನಲ್ಲಿ ಇಪ್ಪತ್ತೊಂಬತ್ತು ವರ್ಷ. ಅವರು ಗೇಟ್‌ಪಾಸ್ ಮಾಡಿಕೊಡದೆ ಆ ಗೇಟಿನಿಂದ ಒಂದು ಗ್ಯಾಸ್ಕೆಟ್ಟೂ ಹೊರಗೆ ಹೋಗೋಹಾಗಿಲ್ಲ. ತಿಂಗಳಿಂದ ಟೆಂಪೋ ದಿನಾ ತಡ. ಅಕ್ಕನ ಕೈ ನಿಧಾನವಾಗಿದೆ, ವಯಸ್ಸಾಯ್ತು ಅಂತ ಮ್ಯಾನೇಜರು ಮಾವನ ತಲೆ ತುಂಬಿದ್ದ. ಬರೋ ಸೋಮವಾರದಿಂದ ಅವರನ್ನ ಭಿವಂಡಿ ಗೋದಾಮಿಗೆ ಹಾಕೋದು ಅಂತ ತೀರ್ಮಾನ ಆಗಿಹೋಗಿತ್ತು. ಕುರ್ಲಾದಿಂದ ಅಷ್ಟು ದೂರದ ಭಿವಂಡಿಗೆ ದಿನಾ ಹೋಗಿಬರೋದು ಆ ಮಂಡಿನೋವಿನ ಹೆಂಗಸಿನ ಕೈಲಿ ಆಗುತ್ತಾ? ಕೆಲಸ ಬಿಡಿ ಅನ್ನೋದನ್ನ ಮರ್ಯಾದೆಯಾಗಿ ಹೇಳೋ ರೀತಿ ಅದು.

ನನಗೆ ಮೈ ಉರಿದುಹೋಯ್ತು. "ಸೇಠ್‌ಜೀ, ಅಕ್ಕನ ಕಂಪ್ಯೂಟರ್ ಒಂದನ್ನ ನನಗೆ ಬಿಡಿ. ಶನಿವಾರ ಮಧ್ಯಾಹ್ನ ಇಪ್ಪತ್ತು ಗೇಟ್‌ಪಾಸ್ ಅಕ್ಕ ಮಾಡಲಿ. ಅದೇ ಇಪ್ಪತ್ತು, ನಾನು ಮುಟ್ಟದ ಕಂಪ್ಯೂಟರಿನಲ್ಲಿ ನಿಮ್ಮ ಮ್ಯಾನೇಜರು ಮಾಡಲಿ. ನಿಧಾನ ಯಾರು ಅಂತ ಗೊತ್ತಾಗುತ್ತೆ. ಅಕ್ಕ ಗೆದ್ದರೆ ಇದೇ ಕುರ್ಚಿ. ಸೋತರೆ ಭಿವಂಡಿ."

"ಮಂಜೂರ್," ಅಂದರು ಸೇಠ್. ಆಮೇಲೆ ಮೆಲ್ಲಗೆ: "ಇಸ್ಪೀಟು ಮಾತ್ರ ಬಿಡೋಕಾಗಲ್ವಾ?"

೨. ಕರ್ಚೀಫ್ ಹಾಕಿದ ಸೀಟು

ಅಳಿಸೋ ಮೊದಲು ಅಕ್ಕನ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತುಂಬಿಕೋಬೇಕು. ಅವರ ಸ್ಕ್ರೀನ್ ನೋಡಿದೆ. ಮೇಲಿಂದ ಕೆಳಗಿನವರೆಗೆ ಫೋಲ್ಡರು, ಸೂಜಿ ಹಾಕೋಕೆ ಜಾಗ ಇಲ್ಲ. ತೆಗೆದು ನೋಡಿದರೆ ಎಲ್ಲ ಖಾಲಿ! ಹೆಸರು ಮಾತ್ರ ಇದೆ. ಒಂದರ ಹೆಸರು "ಜನ ಇದ್ದಾರೆ". ಇನ್ನೊಂದು "ಇಲ್ಲೂ ಇದ್ದಾರೆ". ಮತ್ತೊಂದು "ಬಾತ್‌ರೂಮಿಗೆ ಹೋಗಿದ್ದಾರೆ, ಬರ್ತಾರೆ".

"ಅಕ್ಕಾ, ಇದೇನಿದು?"

"ಕರ್ಚೀಫ್ ಮಾರಾಯ್ತಿ," ಅಂದರು ಅಕ್ಕ, ಇಷ್ಟೂ ಗೊತ್ತಿಲ್ಲವಾ ಅನ್ನೋ ಹಾಗೆ. "ಲೋಕಲಿನಲ್ಲಿ ಸೀಟು ಹಿಡಿಯಲಿಕ್ಕೆ ಕರ್ಚೀಫ್ ಹಾಕುವುದಿಲ್ಲವಾ? ದಿನಾ ಬೆಳಿಗ್ಗೆ ಬಂದು ನೋಡಿದರೆ ಯಾವುದೋ ಒಂದು ಹೊಸ ಚಿತ್ರ ಬಂದು ಕೂತಿರ್ತದೆ. ಯಾರು ಕರೆದದ್ದು ಅವರನ್ನು? ನನ್ನ ಗೇಟ್‌ಪಾಸಿಗೆ ಜಾಗವೇ ಇಲ್ಲ. ಅದಕ್ಕೆ ನಾನೇ ಎಲ್ಲಾ ಸೀಟು ಹಿಡಿದು ಇಟ್ಟದ್ದು."

"ಮತ್ತೆ ನಿಮ್ಮ ಗೇಟ್‌ಪಾಸ್ ಫೈಲು ಎಲ್ಲಿದೆ?"

ಅಕ್ಕನ ಮುಖ ಸಣ್ಣಗಾಯ್ತು. "ಅದಕ್ಕೇ ಸೀಟು ಸಿಗಲಿಲ್ಲ. ಅದು ಯಾವುದರದ್ದೋ ಅಡಿಯಲ್ಲಿ ಉಂಟು. ದಿನಾ ಬೆಳಿಗ್ಗೆ ಒಂದೊಂದೇ ಸರಿಸಿ ಹುಡುಕುದು."

ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ನಮ್ಮ ಕಣ್ಣೆದುರೇ ಇನ್ನೊಂದು ಹೊಸ ಐಕಾನು ಬಂತು. ಜಾಗ ಇಲ್ಲದೆ ಒಂದು ಫೋಲ್ಡರಿನ ಮೇಲೇ ಕೂತಿತು.

"ನೋಡಿ, ನೋಡಿ!" ಅಂತ ಅಕ್ಕ ಕೈ ತಟ್ಟಿದರು. "ತೊಡೆ ಮೇಲೇ ಕೂತಿತು! ನಾಚಿಕೆ ಉಂಟಾ ಇದಕ್ಕೆ?"

೩. ಮೂರು ತೂತು, ಮೂರಕ್ಕೂ ಅಕ್ಷತೆ

ಮಂಗಳವಾರ ಪೆನ್‌ಡ್ರೈವ್ ತಂದೆ. ಹೊಸ ವಿಂಡೋಸ್ ಅದರಲ್ಲಿ. ಮುಂದಿನ ಪೋರ್ಟಿಗೆ ಚುಚ್ಚಿದೆ, ಹೋಗಲಿಲ್ಲ. ಪಕ್ಕದ್ದಕ್ಕೆ ಹೋಗಲಿಲ್ಲ. ಅದರ ಪಕ್ಕದ್ದಕ್ಕೂ ಹೋಗಲಿಲ್ಲ. ಟಾರ್ಚು ಬಿಟ್ಟು ನೋಡಿದರೆ ಒಳಗೆ ಅರಿಸಿನ ಹಚ್ಚಿದ ಅಕ್ಕಿಕಾಳು ತಣ್ಣಗೆ ಕೂತಿದೆ.

ಆಫೀಸಿನ ಚಾ, ನೀರು, ಪೂಜೆ ಎಲ್ಲ ನೋಡಿಕೊಳ್ಳೋರು ವಿಜಯಪುರದ ಕಡೆಯ ಒಬ್ಬ ಮಾಮಾ. ಅವರನ್ನ ಕರೆದೆ. "ಮಾಮಾ, ಇದು ನಿಮ್ಮ ಕೆಲಸಾನಾ?"

"ಹೌದ್ರಿ," ಅಂದರು ಹೆಮ್ಮೆಯಿಂದ. "ಹೊಸಾ ಮಷೀನ್ ಬಂದ ದಿನಾ ಪೂಜಿ ಮಾಡೀನ್ರಿ. ಎಲ್ಲಾರೂ ಮ್ಯಾಲಷ್ಟ ಅಕ್ಷತಿ ಒಗದು ಬಿಡತಾರ. ನಾ ಹಂಗ ಅರ್ಧಾಮರ್ಧಾ ಮಾಡಾಂವ ಅಲ್ರಿ. ಬಾಯಾಗ ಹಾಕೀನಿ."

"ಹನ್ನೆರಡಕ್ಕೂ?"

"ಹನ್ನೆರಡಕ್ಕೂ. ಒಂದೊಂದ ಕಾಳು, ಎಣಿಸಿ."

ಊದುಬತ್ತಿಯ ಕಡ್ಡಿ ತಗೊಂಡು ಕೀಳೋಕೆ ಹೋದೆ. ಮಾಮಾ ನನ್ನ ಕೈ ತಡೆದರು. ದೇವರ ಪ್ರಸಾದ, ಮಂಗಳವಾರ ತೆಗೆಯೋಹಾಗಿಲ್ಲವಂತೆ, ಶುಕ್ರವಾರವೇ ಆಗಬೇಕಂತೆ. ಬೈಯೋಣ ಅಂತ ಬಾಯಿ ತೆಗೆದೆ, ಅವರ ಮುಖ ನೋಡಿ ಮುಚ್ಚಿಕೊಂಡೆ. ಕೊನೆಗೆ ಟೇಬಲ್ ಕೆಳಗೆ ತೂರಿ, ಗೋಡೆ ಕಡೆಗಿದ್ದ ಹಿಂದಿನ ಪೋರ್ಟಿಗೆ ಕೈ ಹಾಕಿದೆ. ಅದು ಖಾಲಿ ಇತ್ತು. ಮೊದಲು ಅದರಲ್ಲೇ ಡಿಸ್ಕು ಹಾಕಿ ಅಕ್ಕನ ಫೈಲು ತುಂಬಿಕೊಂಡೆ. ಆಮೇಲೆ ಪೆನ್‌ಡ್ರೈವ್ ಸಲೀಸಾಗಿ ಹೋಯ್ತು.

ಮಾಮಾ ಬಗ್ಗಿ ನೋಡಿ ಕಣ್ಣು ಅಗಲ ಮಾಡಿದರು. "ಅಯ್ಯ ಶಿವನ! ಹಿಂದನೂ ಬಾಯಿ ಐತೇನ್ರಿ ಇದಕ್ಕ? ಅದಕ್ಕ ನೋಡ್ರಿ ಮಷೀನ್ ಸ್ಲೋ ಐತಿ. ಪೂಜಿ ಪೂರಾ ಆಗಿಲ್ಲ!"

೪. ವಿಸರ್ಜನೆ

ಕಂಪ್ಯೂಟರಿನಲ್ಲಿರೋದನ್ನ ಪೂರ್ತಿ ಅಳಿಸೋ ಸ್ಕ್ರೀನು ಬಂತು. ಇನ್ನೊಂದು ಬಟನ್ ಒತ್ತಿದರೆ ಮುಗೀತು. ಆಫೀಸಿಗೆ ಆಫೀಸೇ ಕೆಲಸ ಬಿಟ್ಟು ಸುತ್ತ ನಿಂತಿತ್ತು.

"ವಿಂಡೋಸಿನ ಲೈಸೆನ್ಸ್ ಹೋಗುತ್ತೆ ಆಂಟಿ," ಅಂದ ಮ್ಯಾನೇಜರು. "ಹೋಗಲ್ಲಪ್ಪ. ಇಂಥ ಮಷೀನುಗಳ ಬೋರ್ಡಿನಲ್ಲೇ ಅದನ್ನ ಹಾಕಿ ಕಳಿಸಿರ್ತಾರೆ, ಹೊಸ ವಿಂಡೋಸ್ ತಾನೇ ಓದಿಕೊಳ್ಳುತ್ತೆ. ನೀನು ಬಟ್ಟೆ ಬದಲಾಯಿಸಿದರೆ ನಿನ್ನ ಬೆರಳಿನ ಗುರುತು ಹೋಗುತ್ತಾ?" ಅಂದೆ. ಅವನು ತನ್ನ ಬೆರಳು ನೋಡಿಕೊಂಡ.

ಸೇಠ್‌ಗೆ ಬೇರೆ ಚಿಂತೆ. ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿ ಫೋಟೋ ಕಡೆ ನೋಡಿ ಪಿಸುಗುಟ್ಟಿದರು, "ಡಿಲೀಟ್ ಅನ್ನಬೇಡಿ ಬೆಹೆನ್‌ಜೀ, ಅಶುಭ. ಬೇರೆ ಏನಾದರೂ ಅನ್ನಿ."

ಅಕ್ಕ ಸೆರಗು ಹಿಂಡ್ತಾ ನಿಂತಿದ್ದರು. "ಹಳೆಯದರಿಂದ ತಂದ ಇಪ್ಪತ್ತೊಂಬತ್ತು ವರ್ಷದ ಕೆಲಸ ಅದರಲ್ಲಿ ಉಂಟು. ಎಲ್ಲಾ ತೆಗೆದುಕೊಂಡಿದ್ದೀರಿ ಅಲ್ಲವಾ? ಪಕ್ಕಾ?"

ತೆಗೆದುಕೊಂಡಿದ್ದೆ, ಎರಡು ಸಲ. ಆದರೂ ಅವರು ಹಾಗೆ ಕೇಳಿದ ಕೂಡಲೇ ನನ್ನ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ಇಪ್ಪತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಒತ್ತಿದ ಬಟನ್ನೋ, ಆವತ್ತು ಒತ್ತೋಕಾಗಲಿಲ್ಲ. ಒಬ್ಬರ ಅನ್ನದ ಪ್ರಶ್ನೆ ನೋಡಿ.

ಹಿಂದಿನಿಂದ ಮಾಮಾ ಇದ್ದಕ್ಕಿದ್ದ ಹಾಗೆ ಕೂಗಿದರು: "ಗಣಪತಿ ಬಪ್ಪಾ!"

ಮುಂಬೈಯಲ್ಲಿ ಈ ಮಾತು ಕೇಳಿ ಸುಮ್ಮನಿರೋ ಗಂಟಲು ಇನ್ನೂ ಹುಟ್ಟಿಲ್ಲ. "ಮೋರಯಾ!" ಅಂತ ಇಡೀ ಆಫೀಸು ಗರ್ಜಿಸಿತು. ಸೇಠ್ ಗರ್ಜಿಸಿದರು, ಮ್ಯಾನೇಜರು ಗರ್ಜಿಸಿದ, ನಾನೂ ಗರ್ಜಿಸಿದೆ. ಆ ರಭಸಕ್ಕೆ ಬೆರಳು ತಾನಾಗಿ ಒತ್ತಿಬಿಟ್ಟಿತು.

ಆಂಟಿವೈರಸ್ಸು, ಹವಾಮಾನ, ಇಸ್ಪೀಟು, ಇಬ್ಬರು ಸಹಾಯಕರು, ತೊಂಬತ್ತು ಕರ್ಚೀಫು, ಎಲ್ಲ ಒಂದೇ ಏಟಿಗೆ ಹೊರಟುಹೋದವು. ಕೆಳಗಿನ ಮಹಡಿಯ ಆಫೀಸಿನವರು ಓಡಿಬಂದು ಪ್ರಸಾದ ಕೇಳಿದರು.

೫. ನಾನೂ ಮನುಷ್ಯಳೇ

ಇದನ್ನ ಬರೆಯೋಕೆ ಇಷ್ಟ ಇಲ್ಲ, ಆದರೂ ಬರೀತೀನಿ. ಹೊಸ ವಿಂಡೋಸ್ ಬಂತು. ಕನ್ನಡಿ ಹಾಗಿತ್ತು, ಒಂದು ಕಸ ಇಲ್ಲ. ಹೆಮ್ಮೆಯಿಂದ ಇಂಟರ್‌ನೆಟ್ ಹಾಕೋಕೆ ಹೋದೆ. ಇಂಟರ್‌ನೆಟ್ಟೂ ಇಲ್ಲ! ವೈಫೈ ನಡೆಸೋ ಡ್ರೈವರು ಅನ್ನೋ ಸಣ್ಣ ಪ್ರೋಗ್ರಾಮನ್ನ ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೋಬೇಕಿತ್ತು. ಮರೆತಿದ್ದೆ. ಆ ಡ್ರೈವರು ಸಿಗೋದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ಟು ಸಿಗಬೇಕಾದರೆ ಆ ಡ್ರೈವರು ಬೇಕು. ಇದನ್ನ ಮರೆತವರಿಗೆ ನಾನು ಎಷ್ಟು ಸಲ ಉಗಿದಿಲ್ಲ!

ಮ್ಯಾನೇಜರನ ಮುಖ ಅರಳಿತು. "ಸೋ, ಆಂಟಿ, ಯೂ ಬ್ರೋಕ್ ಇಟ್."

ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳೋಣ ಅಂದರೆ ಅವನು ಬಿಡಲಿಲ್ಲ. "ರೂಲ್ಸ್ ಆರ್ ರೂಲ್ಸ್, ನಿಮಗೆ ಬಿಟ್ಟಿರೋದು ಒಂದೇ, ಬಾಕಿ ಹನ್ನೊಂದನ್ನ ಮುಟ್ಟೋಹಾಗಿಲ್ಲ," ಅಂದ. ನನ್ನ ಫೋನು ಅವತ್ತೇ ಚಾರ್ಜಿಲ್ಲದೆ ಸತ್ತಿತ್ತು. ಅಕ್ಕ ಊಟದ ಡಬ್ಬಿಯನ್ನ ಚೀಲಕ್ಕೆ ಹಾಕಿಕೊಂಡರು. ಅದನ್ನ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾಮಾ ಚಾದ ತಟ್ಟೆ ಕೆಳಗಿಟ್ಟರು. ಜೇಬಿನಿಂದ ಫೋನು ತೆಗೆದು, ಚಾರ್ಜಿಂಗ್ ವೈರಿನ ಒಂದು ತುದಿ ಅದಕ್ಕೆ ಹಾಕಿದರು. ಮೇಜಿನ ಕೆಳಗೆ ತೂರಿ ಇನ್ನೊಂದು ತುದಿಯನ್ನ ಹಿಂದಿನ ಬಾಯಿಗೆ ಹಾಕಿದರು. ಫೋನಿನಲ್ಲಿ ಏನೋ ಎರಡು ಸಲ ಒತ್ತಿದರು. ಕಂಪ್ಯೂಟರಿಗೆ ಇಂಟರ್‌ನೆಟ್ ಬಂದುಬಿಟ್ಟಿತು!

"ಮಾಮಾ! ಇದು ನಿಮಗೆ ಹೇಗೆ ಗೊತ್ತು?"

"ನಮ್ಮ ಖೋಲ್ಯಾಗ ವೈಫೈ ಎಲ್ಲಿಂದ ಬರಬೇಕ್ರಿ? ಮಗಳ ಕಾಲೇಜಿನ ಕ್ಲಾಸೆಲ್ಲಾ ಹಿಂಗ ನಡೀತ್ರಿ, ಎರಡು ವರ್ಷ."

ನಾನು ಕೈ ಮುಗಿದೆ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಮುಗಿದೆ. ಡ್ರೈವರು ಇಳೀತಾ ಇತ್ತು, ಅಕ್ಕ ಡಬ್ಬಿ ಮತ್ತೆ ಹೊರಗೆ ತೆಗೆದರು, ಮಾಮಾ ಮಾತ್ರ ಪರದೆ ನೋಡ್ತಾ ಚಡಪಡಿಸ್ತಿದ್ದರು.

"ಜಲ್ದಿ ಇಳಸ್ರಿ ಮೇಡಮ್ಮಾರ. ಇವತ್ತಿನ ಡೇಟಾ ಅಷ್ಟೂ ನೀವ ನುಂಗಿದ್ರ, ಸಂಜಿಕ ಬೀಗರಿಗೆ ವಿಡಿಯೋ ಕಾಲ್ ಮಾಡೋದೈತಿ. ಮಗಳ ಲಗ್ನ ಮುರದರ ನಿಮ್ಮ ವಿಂಡೋ ಬಂದು ಕೂಡಸ್ತೈತೇನು?"

೬. ಶನಿವಾರ

ಎರಡು ಟೇಬಲ್ಲು ಜೋಡಿಸಿದ್ದರು. ಒಂದರಲ್ಲಿ ಮ್ಯಾನೇಜರು, ಕಂಪನಿಯಿಂದ ಬಂದ ಹಾಗೇ ಇದ್ದ ಕಂಪ್ಯೂಟರು. ಇನ್ನೊಂದರಲ್ಲಿ ಅಕ್ಕ. ಇಬ್ಬರ ಮುಂದೂ ಅದೇ ಇಪ್ಪತ್ತು ಆರ್ಡರು. ಕೆಳಗೆ ಟೆಂಪೋ ಹಾರ್ನ್ ಹೊಡೀತಾ ಇತ್ತು.

ಶುರುವಾಗೋ ಮುಂಚೆ ಅಕ್ಕ ನನ್ನ ಕೈ ಹಿಡಿದುಕೊಂಡರು. "ಒಂದುವೇಳೆ ನನ್ನ ಕೈಯೇ ನಿಧಾನ ಆಗಿದ್ದರೆ ಎಂತ ಮಾಡುವುದು ಮಾರಾಯ್ತಿ? ಒಂದು ತಿಂಗಳಿಂದ ಎಲ್ಲರೂ ಅದನ್ನೇ ಹೇಳುದು. ನನಗೂ ಈಗ ಹಾಗೇ ಕಾಣ್ತದೆ."

ಯಂತ್ರದ ತಪ್ಪನ್ನ ಈ ಹೆಂಗಸು ತನ್ನ ಮೇಲೆ ಹಾಕಿಕೊಂಡುಬಿಟ್ಟಿದ್ದರು. "ಅಕ್ಕಾ, ಹುಚ್ಚುಚ್ಚಾಗಿ ಮಾತಾಡಬೇಡಿ. ಕೂತ್ಕೊಳ್ಳಿ, ಟೈಪ್ ಮಾಡಿ," ಅಂತ ಗದರಿಸಿದೆ. ಅಳು ಬಂದಾಗ ನಾನು ಗದರಿಸೋದೇ.

ಸೇಠ್ "ಚಲೋ" ಅಂದರು. ಇಬ್ಬರೂ ಆನ್ ಮಾಡಿದರು.

ಮ್ಯಾನೇಜರಿಗೆ ಸ್ವಾಗತ ಶುರುವಾಯ್ತು. ಅಕ್ಕನ ಸ್ಕ್ರೀನು ಕಣ್ಣು ಮುಚ್ಚಿ ತೆಗೆಯೋದರಲ್ಲಿ ಬಂತು. ಖಾಲಿ ಮೈದಾನದ ನಡುವೆ ಒಂದೇ ಒಂದು ಗುರುತು, ಗೇಟ್‌ಪಾಸ್. ಅಕ್ಕ ಹಳೇ ಕಾಲದ ಟೈಪ್‌ರೈಟರಿನಲ್ಲಿ ಕಲಿತವರು, ಕೀಬೋರ್ಡ್ ನೋಡೋದೇ ಇಲ್ಲ. ಮೊದಲನೇದು ಸ್ವಲ್ಪ ತಡವರಿಸಿದರು. ಎರಡನೇದಕ್ಕೆ ಬೆನ್ನು ನೆಟ್ಟಗಾಯ್ತು. ಐದನೇದರ ಹೊತ್ತಿಗೆ ಪ್ರಿಂಟರು "ತಾಳಮ್ಮಾ" ಅನ್ನೋ ಹಾಗೆ ಏದುಸಿರು ಬಿಡ್ತಾ ಇತ್ತು. ಮಾಮಾ ಒಂದೊಂದು ಪಾಸು ಹರಿದುಕೊಂಡು ಕೆಳಗೆ ಓಡೋದು, ಒಂದು ಪೆಟ್ಟಿಗೆ ಟೆಂಪೋ ಹತ್ತಿಸೋದು, ಮತ್ತೆ ಓಡಿಬರೋದು.

"ಏ, ಎಷ್ಟ ಜೋರ ಹೊಡೀತೀರಿ ಅಕ್ಕಾರ, ನನಗ ವಯಸ್ಸಾಗೇತ್ರಿ!" ಅಂತ ಅವರ ಗೋಳು.

ಈ ಕಡೆ ಮ್ಯಾನೇಜರು ಮೂರನೇ ಪಾಸಿನಲ್ಲಿದ್ದ. ಆಂಟಿವೈರಸ್ಸು ಅಡ್ಡ ಬಂತು, ಮುಚ್ಚಿದ. ಸಹಾಯಕ ಬಂದು "ಏನಾದರೂ ಸಹಾಯ ಬೇಕೇ?" ಅಂದ, ಮುಚ್ಚಿದ. "ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಅಂತ ಒಂದು ಬಂತು. ಅವಸರದಲ್ಲಿ ಅವನು ಏನನ್ನೋ ಒತ್ತಿದ. ಸ್ಕ್ರೀನು ನೀಲಿಯಾಗಿ, ನಡುವೆ ಚುಕ್ಕಿಗಳು ತಿರುಗೋಕೆ ಶುರುವಾಯ್ತು. ಅಪ್‌ಡೇಟು ಆಗ್ತಿದೆ, ದಯವಿಟ್ಟು ಆಫ್ ಮಾಡಬೇಡಿ.

ಚುಕ್ಕಿಗಳು ಇನ್ನೂ ತಿರುಗ್ತಾ ಇದ್ದಾಗ ಅಕ್ಕ ಇಪ್ಪತ್ತನೇ ಪಾಸು ಕೈಯಲ್ಲಿ ಹಿಡಿದು ಎದ್ದು ನಿಂತರು. ಕೆಳಗೆ ಟೆಂಪೋ ಹೊರಟಿತು. ಒಂದು ತಿಂಗಳಲ್ಲಿ ಮೊದಲನೇ ಸಲ, ಹೊತ್ತಿಗೆ ಮುಂಚೆ. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನಂತೂ ಸಿಳ್ಳೆ ಹೊಡೆದೆ, ನಲವತ್ತೈದರ ವಯಸ್ಸಿನಲ್ಲಿ. ಅಕ್ಕ ತಮ್ಮ ಹತ್ತು ಬೆರಳನ್ನೂ ಕಣ್ಣ ಮುಂದೆ ಹಿಡಿದು ನೋಡಿಕೊಂಡು ಅತ್ತರು. "ನನ್ನದೇ ಕೈ," ಅಂದರು.

ಸೇಠ್ ಎದ್ದು ಬಂದು ಕೈ ಜೋಡಿಸಿದರು. "ಮಾಫ್ ಕರೋ ಬೆಹೆನ್. ಕುರ್ಚಿ ನಿಮ್ಮದೇ." ಉಳಿದ ಹನ್ನೊಂದು ಕಂಪ್ಯೂಟರೂ ಶುದ್ಧ ಮಾಡಿ ಅಂತ ನನಗೆ ಅಲ್ಲೇ ಹೇಳಿದರು. ಆಮೇಲೆ ಹಣೆ ಉಜ್ಜಿಕೊಂಡರು. "ಒಂದು ಕಷ್ಟ ಇದೆ. ಸೋಮವಾರ ಆಫೀಸಿನಿಂದ ಒಬ್ಬರು ಬರ್ತಾರೆ ಅಂತ ಭಿವಂಡಿಗೆ ಹೇಳಿ ಆಗಿದೆ. ಅಲ್ಲಿ ಟೇಬಲ್ಲು ಹಾಕಿದ್ದಾರೆ, ಊಟ ತರೋ ಡಬ್ಬಾವಾಲಾನಿಗೂ ಹೇಳಿದ್ದಾರೆ. ಈಗ ಯಾರೂ ಬರಲ್ಲ ಅಂದರೆ ನನ್ನ ಮಾತಿಗೆ ಏನು ಬೆಲೆ?"

ಎಲ್ಲರೂ ನೆಲ ನೋಡಿದರು. ಸೇಠ್ ಮಾತ್ರ ಸೋದರಳಿಯನನ್ನ ನೋಡಿದರು.

"ಮಾಮಾಜೀ, ಮೀ?" ಅಂದ ಮ್ಯಾನೇಜರು.

"ಸ್ವಲ್ಪ ದಿನ ಬೇಟಾ. ಗೋದಾಮಿನ ಕೆಲಸ ಕಲಿ. ನಿನ್ನ ಈ ಕಂಪ್ಯೂಟರನ್ನೂ ತಗೊಂಡು ಹೋಗು, ಅಲ್ಲಿ ಅದೂ ಇಲ್ಲ. ಕೆಳಗೆ ಕಾರು ಇದೆ, ಈಗಲೇ ಅದರಲ್ಲಿ ಇಟ್ಟುಬಿಡು."

ಆದರೆ ಆ ಗೇಟಿನಿಂದ ಪಾಸಿಲ್ಲದೆ ಏನೂ ಹೋಗೋಹಾಗಿಲ್ಲವಲ್ಲ. ಅಕ್ಕ ಕಣ್ಣೊರೆಸಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು. ಇಪ್ಪತ್ತೊಂದನೇ ಪಾಸು. ಕಡೆ, ಭಿವಂಡಿ. ಸಾಮಾನು, ಕಂಪ್ಯೂಟರ್ ಒಂದು. ಜೊತೆಗೆ ಹೋಗುವವರು, ಮ್ಯಾನೇಜರ್ ಒಬ್ಬರು. ಟಕಟಕ ಅಂತ ಹೊಡೆದು, ಕೊನೇ ಸಾಲಿಗೆ ಬಂದು ನಿಲ್ಲಿಸಿದರು. ಹೊರಗೆ ಹೋಗೋ ಪ್ರತಿಯೊಂದಕ್ಕೂ ಆ ಸಾಲು ತುಂಬಲೇಬೇಕು, ಇಲ್ಲದಿದ್ದರೆ ವಾಚ್‌ಮನ್ ಬಿಡೋದಿಲ್ಲ. ಹೋದದ್ದು ವಾಪಸ್ ಬರತಕ್ಕದ್ದೋ, ಅಲ್ಲವೋ?

ಅಕ್ಕ ತಲೆ ಎತ್ತಿದರು. ಮುಖದಲ್ಲಿ ಒಂದಿಷ್ಟೂ ನಗು ಇಲ್ಲ. "ಸೇಠ್‌ಜೀ, ವಾಪಸ್ ಬರುವುದು ಅಂತ ಹಾಕುದಾ, ಬೇಡವಾ?"

ಸೇಠ್ ಕಂಪ್ಯೂಟರನ್ನ ನೋಡಿದರು. ಸೋದರಳಿಯನನ್ನ ನೋಡಿದರು. ತುಂಬ ಹೊತ್ತು ಯೋಚನೆ ಮಾಡಿದರು.

"ಕಂಪ್ಯೂಟರ್ ವಾಪಸ್ ಬರಬೇಕು," ಅಂದರು.